ಪ್ರಿಂಟ್ ಬಿದ್ದದೇನು ನೋಡು

ನಮ್ಮ ಮಾಮಾ ಸೊಂಟಕ್ಕೆ ಪಿಸ್ತೂಲಿನ ಚೀಲ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದ. ನಗಬೇಡಿ. ಇದು ನಾನು ಹಬ್ಬಿಸಿದ ಗಾಳಿಸುದ್ದಿಯಲ್ಲ. ಚೀಲ ಬಂದ ಡಬ್ಬಿಯ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಹಾಗೆಂದು ಅಚ್ಚಾಗಿತ್ತು. ಆ ಡಬ್ಬಿ ಯಾರ ಹೆಸರಿಗೆ ಬಂದಿತ್ತು ಗೊತ್ತೇ? ನನ್ನ ಹೆಸರಿಗೆ! ಮೆಲ್ಬರ್ನಿನ ವೆರಿಬೀಯಲ್ಲಿ ಎಂಟು ವರ್ಷದಿಂದ ಒಂದು ಪಾರ್ಕಿಂಗ್ ಫೈನು ಕೂಡ ಇಲ್ಲದೆ ಮಾನದಿಂದ ಬದುಕಿದ ಹೆಂಗಸಿನ ಹೆಸರಿಗೆ!

ಪೊಲೀಸರಿಗೆ ಫೋನ್ ಮಾಡುವ ಮೊದಲು ಪೂರ್ತಿ ಕೇಳಿ. ಚೀಲದೊಳಗೆ ಪಿಸ್ತೂಲು ಇರಲಿಲ್ಲ. ಈ ದೇಶದಲ್ಲಿ ಹಾಗೆಲ್ಲ ಇಟ್ಟುಕೊಂಡು ತಿರುಗುವಂತೆಯೂ ಇಲ್ಲ, ಮಾಮಾನಿಗೆ ಅದರ ಆಸೆಯೂ ಇಲ್ಲ. ಜಿರಲೆ ಕಂಡರೆ ಮಾಮಿಯನ್ನು ಕೂಗಿ ಕರೆಯುವ ಪ್ರಾಣಿ ಅದು. ಒಳಗಿದ್ದದ್ದು ಇನ್ಸುಲಿನ್ ಪಂಪು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರಿಂದ ಸಣ್ಣ ನಳಿಕೆಯೊಂದು ಹೊರಟು ಹೊಟ್ಟೆಯ ಚರ್ಮದೊಳಗೆ ಹೋಗುತ್ತದೆ, ಇಡೀ ದಿನ ಹನಿಹನಿಯಾಗಿ ಔಷಧ ಬಿಡುತ್ತದೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಸೂಜಿ ಚುಚ್ಚಿಕೊಂಡಿದ್ದು ಸಾಕು, ಇನ್ನು ಪಂಪು ಹಾಕಿಕೊಳ್ಳಿ ಎಂದು ಸಿಡ್ನಿಯ ಡಾಕ್ಟರು ಹೇಳಿದರು. ಉಳಿದವರು ಅದನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಆರಾಮಾಗಿ ಓಡಾಡುತ್ತಾರೆ. ನಮ್ಮ ಮಾಮಾ ಸಿಕ್ಕಿಸಿಕೊಂಡಾನೇ? ಎಲ್ಲಾದರೂ ಉಂಟೇ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಹುಬ್ಬಳ್ಳಿಯವನು. ವಯಸ್ಸು ಐವತ್ತೇಳು. ಮನೆ ಸಿಡ್ನಿಯ ಟೂಂಗಾಬಿಯಲ್ಲಿ, ಕೆಲಸ ಮಾತ್ರ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನ ಒಂದು ಆಫೀಸಿನಲ್ಲಿ, ಅದೂ ಆರಾರು ತಿಂಗಳ ಕಾಂಟ್ರ್ಯಾಕ್ಟಿನ ಮೇಲೆ. ಮಂಗಳವಾರ ಬೆಳಿಗ್ಗೆ ವಿಮಾನದಲ್ಲಿ ಬಂದು ಗುರುವಾರ ಸಂಜೆ ಹೋಗುತ್ತಾನೆ. ನಡುವೆ ನಮ್ಮ ಮನೆಯಲ್ಲಿ ಠಿಕಾಣಿ. ನನ್ನ ಆಫೀಸೂ ಡಾಕ್‌ಲ್ಯಾಂಡ್ಸಿನಲ್ಲೇ ಇರುವುದರಿಂದ ಟ್ರೇನು, ಟ್ರಾಮು ಎಲ್ಲ ಜೊತೆಯಲ್ಲೇ. ಹಿರಿಯರಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಸೋದರಮಾವನಿಗೆ 'ನೀ' ಎನ್ನುವುದು ಪ್ರೀತಿ. 'ನೀವು' ಎಂದರೆ ಸಿಟ್ಟು ನೆತ್ತಿಗೇರಿದೆ ಎಂದು ಅರ್ಥ.

ಪಂಪಿನ ವಿಷಯ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಾಗಬಾರದು ಎಂಬುದು ಮಾಮಾನ ಹಟ. ಒಬ್ಬರಿಗಾದರೂ ಗೊತ್ತಿರಲೇಬೇಕು ಎಂಬುದು ನನ್ನ ಹಟ. ಸಕ್ಕರೆ ಒಮ್ಮೆಲೇ ಇಳಿದು ಕಣ್ಣಿಗೆ ಕತ್ತಲೆ ಬಂದು ಬಿದ್ದರೆ, ಬಾಯಿಗೊಂದಿಷ್ಟು ಜ್ಯೂಸು ಹಾಕುವವರು ಬೇಡವೇ?

"ಬಾಜೂ ಕೂಡೋರಿಗೆ ಹೇಳು ಸಾಕು ಮಾಮಾ."

"ಹೇಳಿದ್ರ ಏನಾಗ್ತದ ಗೊತ್ತದೇನು? 'ಪಾಪ' ಅಂತಾರ."

"ಅನ್ಲಿ ಬಿಡು! ಅಂದ್ರ ಏನು ಸವೀತದ?"

"ಹಿಂದಿನ ಆಫೀಸ್ನ್ಯಾಗ ಅಂದ್ರಲ್ಲ. ಆಮ್ಯಾಲೆ ನನ್ನ ಸೈಟಿಗೆ ಕಳಿಸೋದು ಬಿಟ್ರು, ಊಟಕ್ಕ ಕರಿಯೋದು ಬಿಟ್ರು. ಕೇಕ್ ಕಟ್ ಮಾಡಿದ್ರ ಪ್ಲೇಟ್ ಹಿಡಕೊಂಡು ನನ್ನ ದಾಟಿ ಹೋಗ್ತಿದ್ರು. ಮಂದಿ ನನ್ನ ನೋಡೋದು ಬಿಟ್ಟು ಅದನ್ನ ನೋಡ್ಕೋತ ಕೂಡ್ತಾರವಾ."

ಕೇಕು ಸಿಗಲಿಲ್ಲ ಎಂದು ಜೀವ ಪಣಕ್ಕಿಡುವವರನ್ನು ನೀವು ಕಂಡಿದ್ದೀರಾ? ಸಕ್ಕರೆ ಕಾಯಿಲೆಯೇನು ಕದ್ದ ಮಾಲೇ, ಬಟ್ಟೆಯೊಳಗೆ ಬಚ್ಚಿಡಲು? ಎರಡು ವಾರ ಇದೇ ಜಗಳ ಮಾಡಿದೆವು. ಮೂರನೆಯ ವಾರ ಮಾಮಾ ಜಗಳ ನಿಲ್ಲಿಸಿ ಸಂಶೋಧನೆ ಶುರು ಮಾಡಿದ.

ಪಂಪಿಗೆಂದೇ ಮಾರುವ ಚೀಲಗಳು ಒಂದೂ ಮನಸ್ಸಿಗೆ ಬರಲಿಲ್ಲ. ಒಂದು ಉಬ್ಬುತ್ತದೆ, ಇನ್ನೊಂದು ಜಾರುತ್ತದೆ, ಮತ್ತೊಂದರ ಮೇಲೆ ಮೊಲದ ಚಿತ್ರ. ಹುಡುಕುತ್ತ ಹುಡುಕುತ್ತ ಮಾಮಾ ಒಂದು ಮಹಾಸತ್ಯ ಕಂಡುಕೊಂಡ. ಹೊಟ್ಟೆ ಬಂದ ಗಂಡಸು ಆಫೀಸಿನ ಬಟ್ಟೆಯೊಳಗೆ ಒಂದು ವಸ್ತುವನ್ನು ಹೇಗೆ ಮುಚ್ಚಿಟ್ಟುಕೊಳ್ಳಬೇಕು ಎಂಬುದರ ಬಗ್ಗೆ ಈ ಭೂಮಿಯ ಮೇಲೆ ಆಳವಾಗಿ ಚಿಂತಿಸಿದವರು ಅಮೆರಿಕದ ಪಿಸ್ತೂಲಿನವರು ಮಾತ್ರ! ಕೂತಾಗ ಹೇಗೆ, ಬಗ್ಗಿದಾಗ ಹೇಗೆ, ಮೇಲಿನ ಕಪಾಟಿನಿಂದ ಫೈಲು ತೆಗೆಯುವಾಗ ಹೇಗೆ ಎಂದು ಒಂದೊಂದಕ್ಕೂ ವಿಡಿಯೋ. ನಮ್ಮ ಮನೆಯ ಟೀವಿಯಲ್ಲಿ, ನಾನು ಹುಳಿ ಕುದಿಸುತ್ತಿರುವಾಗ, ಗಡ್ಡದ ಮನುಷ್ಯನೊಬ್ಬ ಪ್ಯಾಂಟು ಹೇಗೆ ಒಂದು ಸೈಜು ದೊಡ್ಡದು ಕೊಳ್ಳಬೇಕು ಎಂದು ಉಪದೇಶ ಮಾಡುತ್ತಿದ್ದ. ಮಾಮಾ ನೋಟ್ಸ್ ಬರೆದುಕೊಳ್ಳುತ್ತಿದ್ದ.

ಅವರದೊಂದು ಶಬ್ದವಿದೆ: ಪ್ರಿಂಟಿಂಗ್. ಒಳಗಿನ ವಸ್ತುವಿನ ಆಕಾರ ಅಂಗಿಯ ಮೇಲೆ ಮೂಡಿ ಕಂಡರೆ 'ಪ್ರಿಂಟ್ ಆಯಿತು' ಎನ್ನುತ್ತಾರಂತೆ. ಇದನ್ನು ಕೇಳಿದ್ದೇ ತಡ, ಮಾಮಾನಿಗೆ ಕುಣಿಯುವಷ್ಟು ಖುಷಿ. ಯಾಕೆಂದರೆ ನಮ್ಮ ಅಜ್ಜನದು ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆಯ ಮೊದಲ ಪ್ರತಿ ಮಷೀನಿನಿಂದ ಬಂದ ಕೂಡಲೇ ಅಜ್ಜ ಅದನ್ನು ಬೆಳಕಿಗೆ ಹಿಡಿದು ಮಗನಿಗೆ ತೋರಿಸಿ, "ಪ್ರಿಂಟ್ ಚೊಲೊ ಬಿದ್ದದೇನು ನೋಡು" ಎನ್ನುತ್ತಿದ್ದ. ಈಗ ಮಗ ಅದೇ ಪ್ರಶ್ನೆಯನ್ನು ತನ್ನ ಹೊಟ್ಟೆ ಮುಂದೆ ಮಾಡಿ ನನಗೆ ಕೇಳತೊಡಗಿದ. ಅಜ್ಜನಿಗೆ ಬಿದ್ದದ ಎಂದರೆ ಸಂತೋಷ, ಇವನಿಗೆ ಬಿದ್ದಿಲ್ಲ ಎಂದರೆ ಸಂತೋಷ, ಅಷ್ಟೇ ವ್ಯತ್ಯಾಸ.

ಕೇಳಲಿ, ಬೇಡ ಎನ್ನುವುದಿಲ್ಲ. ಆದರೆ ಎಲ್ಲಿ ಕೇಳಬೇಕು? ವೆರಿಬೀಯಿಂದ ಹೊರಡುವ ಬೆಳಗಿನ ಟ್ರೇನಿನಲ್ಲಿ! ಮೇಲಿನ ಹಿಡಿಕೆಗೆ ಎರಡೂ ಕೈ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಇಡೀ ಬೋಗಿಗೆ ಕೇಳುವಂತೆ, "ಏ ಸೊಸಿ, ಪ್ರಿಂಟ್ ಬಿದ್ದದೇನು ನೋಡು!" ಸೊಸಿ ಎಂದರೆ ನಾನೇ, ಸೋದರಮಾವನಿಗೆ ಅಕ್ಕನ ಮಗಳು ಸೊಸೆ. ಎದುರಿಗೆ ಕೂತಿದ್ದ ಬೆಂಗಳೂರಿನ ಹೆಂಗಸೊಬ್ಬಳು ಕನ್ನಡ ಕೇಳಿ ಮುಖ ಅರಳಿಸಿದಳು.

"ಅಂಕಲ್, ಪ್ರಿಂಟ್ ತಗೋಬೇಕಿತ್ತಾ? ನಮ್ ಆಫೀಸ್ ಸ್ಟೇಷನ್ ಪಕ್ಕದಲ್ಲೇ ಇರೋದು. ಮೇಲ್ ಮಾಡಿ, ತೆಗೆದು ಕೊಡ್ತೀನಿ. ಕಲರಾ, ಬ್ಲ್ಯಾಕ್ ಅಂಡ್ ವೈಟಾ?"

ಮಾಮಾ ಗಂಭೀರವಾಗಿ, "ಏನೂ ಕಾಣಬಾರ್ದವಾ, ಅಂಥಾ ಪ್ರಿಂಟ್ ಬೇಕಾಗೇದ" ಎಂದ. ಆಕೆ ಮುಂದಿನ ಸ್ಟೇಷನ್ನಿನಲ್ಲಿ ಬೇರೆ ಬೋಗಿಗೆ ಹೋದಳು.

ಇನ್ನು ಆ ಡಬ್ಬಿಯ ಕಥೆ. ನಮ್ಮ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಆಸ್ಟ್ರೇಲಿಯನ್ ಮುದುಕರೊಬ್ಬರಿದ್ದಾರೆ. ನಮ್ಮ ಮನೆಯ ಒಗ್ಗರಣೆಗೆ ಎಂಟು ವರ್ಷದಿಂದ ಮೂಗು ಮುರಿಯುತ್ತಲೇ ಬಂದವರು. ನಾವು ಇಲ್ಲದಾಗ ಪಾರ್ಸೆಲ್ ಅವರ ಕೈಗೆ ಸಿಕ್ಕಿದೆ. ಸಂಜೆ ಅದನ್ನು ತೋಳುದ್ದ ದೂರ ಹಿಡಿದು ತಂದು, ನನ್ನ ಪಾದದ ಹತ್ತಿರ ಮೆಲ್ಲಗೆ ಇಟ್ಟು, ಹಿಮ್ಮುಖವಾಗಿ ನಡೆದು ಹೋದರು. ಮರುದಿನದಿಂದ ನಮ್ಮ ಕಸದ ಬಿನ್ನನ್ನು ಅವರೇ ಒಳಗೆ ತಂದಿಡುತ್ತಿದ್ದಾರೆ. ಹಬ್ಬಕ್ಕೆ ಹೋಳಿಗೆ ಕೊಟ್ಟಾಗ ಸಿಗದ ಮರ್ಯಾದೆ!

"ನನ್ನ ಹೆಸರು ಯಾಕ ಹಾಕಿದಿ ಮಾಮಾ?"

"ಟೂಂಗಾಬಿಗೆ ತರಿಸಿದ್ರ ನಿಮ್ಮ ಮಾಮಿ ಒಡದು ನೋಡ್ತಿದ್ಲು. ನಿನ್ನ ಮನೀಗೆ ತರಿಸಿದ ಮ್ಯಾಲೆ ನಿನ್ನ ಹೆಸರು ಹಾಕೋದು ಪದ್ಧತಿ."

ಪದ್ಧತಿಯಂತೆ, ಪದ್ಧತಿ! ನನ್ನ ಗಂಡ ಮೈಸೂರಿನವರು, ತಣ್ಣಗಿನ ಮನುಷ್ಯ. ಸೋಫಾದ ಮೇಲೆ ಕೂತು, ಡಬ್ಬಿಯಿಂದ ಹೊರಬಿದ್ದ ನಾಲ್ಕೂ ಚೀಲಗಳ ಪರೀಕ್ಷೆಗೆ ಅವರೇ ಸಾಕ್ಷಿಯಾದರು. ಮೊದಲನೆಯದು ಕಣಕಾಲಿಗೆ ಕಟ್ಟುವುದು. ಪಂಪಿನ ನಳಿಕೆ ಹೊಟ್ಟೆಯಿಂದ ಅಲ್ಲಿಯವರೆಗೆ ಮುಟ್ಟಬೇಡವೇ? ಮುಟ್ಟಲಿಲ್ಲ. ಎರಡನೆಯದು ಕಂಕುಳಿನದು. ಕಟ್ಟಿಕೊಂಡ ಮೇಲೆ ಮಾಮಾನ ಎಡಗೈ ಕೆಳಗೆ ಇಳಿಯಲೊಲ್ಲದು. ಮೂರನೆಯದು ಅಗಲವಾದ ಹೊಟ್ಟೆಪಟ್ಟಿ; ಅದನ್ನು ಬಿಗಿದುಕೊಂಡು ಮಾಮಾ ಉಸಿರು ಬಿಡದೆ ಎರಡು ನಿಮಿಷ ನಿಂತ, ಆಮೇಲೆ ಉಸಿರು ಬಿಟ್ಟ, ಪಟ್ಟಿ ಎದೆಗೆ ಏರಿತು. ನಾಲ್ಕನೆಯದು ಪ್ಯಾಂಟಿನ ಸೊಂಟದ ಒಳಗೆ ಸಿಕ್ಕಿಸುವುದು. ನಿಂತರೆ ಚೆನ್ನ. ಕೂತರೆ ಚುಚ್ಚುತ್ತದೆ. ಮಾಮಾನ ಕೆಲಸ ಕೂತು ಮಾಡುವುದು.

"ಮಾವ, ಇಷ್ಟೆಲ್ಲ ಯಾಕೆ ಕಷ್ಟ? ಉಡುದಾರಕ್ಕೆ ಕಟ್ಕೊಂಡ್ಬಿಡಿ" ಎಂದರು ನನ್ನ ಗಂಡ, ಚಹಾ ಹೀರುತ್ತ. ತಮಾಷೆಗೆ ಹೇಳಿದ್ದು. ಮಾಮಾ ತಮಾಷೆಯನ್ನು ತಮಾಷೆಯಾಗಿ ಬಿಟ್ಟದ್ದುಂಟೇ?

"ನೋಡವಾ, ಅಳಿಯಂದ್ರು ಮೈಸೂರಿನವ್ರಾದ್ರೂ ತಲಿ ಅದ! ಸೊಂಟದ ಮ್ಯಾಲೆ ಹುಟ್ಟಿದಾಗಿಂದ ದಾರ ಅದ, ನಾ ಅಮೆರಿಕಾದ ತನಕಾ ಹೋಗಿ ಬಂದೆ!"

ಮರುದಿನ ಬೆಳಿಗ್ಗೆ ಸ್ಟೇಷನ್ನಿನ ಎಸ್ಕಲೇಟರಿನ ನಡುವೆ ಉಡುದಾರ ಹರಿಯಿತು. ಪಂಪು ಪ್ಯಾಂಟಿನ ಕಾಲಿನೊಳಗೆ ಜಾರಿ ಮೊಣಕಾಲಿನ ಹತ್ತಿರ ನೇತಾಡತೊಡಗಿತು, ನಳಿಕೆ ಹೊಟ್ಟೆಯನ್ನು ಜಗ್ಗುತ್ತಿತ್ತು. ಎಸ್ಕಲೇಟರು ಮೇಲೆ ಮುಟ್ಟುವವರೆಗೆ ಮಾಮಾ ಒಂದೇ ಕಾಲ ಮೇಲೆ ನಿಂತು, ಕೆಳಗಿನವರಿಗೆಲ್ಲ ಮುಗುಳ್ನಗೆ ಬೀರಿದ. ಹಿಂದಿನ ಮೆಟ್ಟಿಲಲ್ಲಿ ನಿಂತು ಅದನ್ನು ಬಟ್ಟೆಯ ಮೇಲಿನಿಂದ ಹಿಡಿದುಕೊಂಡವಳು ನಾನು. ನನ್ನ ಮಾನದ ಬಗ್ಗೆ ಯಾರಾದರೂ ವಿಚಾರಿಸಿದರೇ?

ಕಡೆಗೆ ನಾಲ್ಕನೆಯ ಚೀಲವೇ ಗತಿಯಾಯಿತು. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮಾಮಾ ಸಿಡ್ನಿಗೆ ಹೋದ. ಅದರ ಮುಂದಿನ ಮಂಗಳವಾರ ಬೆಳಿಗ್ಗೆ ವಿಮಾನ ಇಳಿಯುವ ಹೊತ್ತು ಮೀರಿದರೂ ಮಾಮಾನ ಪತ್ತೆಯಿಲ್ಲ. ಮಧ್ಯಾಹ್ನ ಫೋನು ಬಂತು. ಸೆಕ್ಯೂರಿಟಿಯಲ್ಲಿ ಬ್ಯಾಗು ತಪಾಸಣೆ ಮಾಡಿದವರು ಚೀಲ ಎತ್ತಿ ಹಿಡಿದು ಇದೇನೆಂದು ಸಭ್ಯವಾಗಿಯೇ ಕೇಳಿದ್ದಾರೆ. ಇನ್ಸುಲಿನ್ ಎಂಬ ಒಂದು ಶಬ್ದ ಹೇಳಿದರೆ ಮುಗಿಯುತ್ತಿತ್ತು. ಆದರೆ ಹಿಂದೆ ಕ್ಯೂನಲ್ಲಿ ಅವನ ಆಫೀಸಿನವನೊಬ್ಬ ನಿಂತಿದ್ದನಂತೆ. ಅವನ ಮುಂದೆ ಹೇಳುವುದುಂಟೇ? "ಗಾಬರಿ ಆಗಬೇಡಿ, ಇವತ್ತು ಚೀಲ ಖಾಲಿ ಇದೆ" ಎಂದುಬಿಟ್ಟಿದ್ದಾನೆ! ಆ 'ಇವತ್ತು' ಎಂಬುದೊಂದು ಮಾತಿಗೆ ಮೂರು ತಾಸು ಕೂರಿಸಿಕೊಂಡರು. ಕೂರಿಸಿಕೊಳ್ಳದೆ ಏನು ಮಾಡಬೇಕು ಅವರು? ನಾನಾಗಿದ್ದರೆ ಆರು ತಾಸು ಕೂರಿಸುತ್ತಿದ್ದೆ.

ಇಷ್ಟಾದರೂ ಬುದ್ಧಿ ಬಂತೇ? ಇಲ್ಲ, ಅಂಗಿ ಬಂದವು. ಸಾದಾ ಅಂಗಿಯಲ್ಲಿ ಆಕಾರ ಬೇಗ ಕಾಣುತ್ತದೆ, ಚಿತ್ತಾರದ ಅಂಗಿಯಲ್ಲಿ ಕಣ್ಣು ತಪ್ಪುತ್ತದೆ ಎಂದು ಗಡ್ಡದವನು ಹೇಳಿದ್ದನಂತೆ. ಮೂವತ್ತು ವರ್ಷ ಬಿಳಿ ಅಂಗಿ ಬಿಟ್ಟು ಬೇರೆ ತೊಡದ ಮಾಮಾ ಗಿಳಿಗಳಿರುವ, ಅನಾನಸುಗಳಿರುವ, ದಾಸವಾಳಗಳಿರುವ ಅಂಗಿಗಳನ್ನು ಇನ್ ಮಾಡದೆ ಇಳಿಬಿಟ್ಟುಕೊಂಡು ಡಾಕ್‌ಲ್ಯಾಂಡ್ಸಿನಲ್ಲಿ ನಡೆದ. ಯಾರ ಕಣ್ಣಿಗೂ ಬೀಳಬಾರದೆಂದು ಹೊರಟವನನ್ನು ಈಗ ಹದಿನಾಲ್ಕು ಮಹಡಿಯವರೂ ಗುರುತಿಸತೊಡಗಿದರು! ಲಿಫ್ಟಿನಲ್ಲಿ ಕೈ ಕುಲುಕುತ್ತಾರಂತೆ. ಊಟಕ್ಕೆ ಕರೆಯುತ್ತಾರಂತೆ. "ನೋಡು, ಯಾರರೆ ಪಾಪ ಅಂತಾರೇನು?" ಎಂದು ಮಾಮಾ ಗಿಳಿಗಳನ್ನು ಸವರಿಕೊಂಡ. ಅವನ ಮುಖದಲ್ಲಿದ್ದ ಹಿಗ್ಗು ನೋಡಿ ನಾನು ಬೈಯಬೇಕೆಂದಿದ್ದನ್ನು ನುಂಗಿಕೊಂಡೆ. ಆದರೆ ಅಂದಿನಿಂದ ನನ್ನ ಬ್ಯಾಗಿನಲ್ಲಿ ಸದಾ ಒಂದು ಜ್ಯೂಸಿನ ಡಬ್ಬಿ ಇಟ್ಟುಕೊಳ್ಳತೊಡಗಿದೆ.

ಕಳೆದ ತಿಂಗಳು ಒಂದು ಬುಧವಾರ. ಮಾಮಾ ತಡವಾದ ಮಧ್ಯಾಹ್ನದ ಊಟಕ್ಕೆಂದು ಮೂರು ಗಂಟೆಗೆ ಪಂಪಿನಿಂದ ಔಷಧ ಬಿಟ್ಟುಕೊಂಡಿದ್ದಾನೆ. ಊಟದ ಡಬ್ಬಿ ತೆರೆಯುವಷ್ಟರಲ್ಲಿ ಮೀಟಿಂಗಿಗೆ ಕರೆದರು. ತಾನು ಉಣ್ಣಲೇಬೇಕು ಎಂದರೆ ಯಾಕೆ ಎಂದು ಕೇಳುತ್ತಾರಲ್ಲ! ಹಾಗೇ ಹೋಗಿ ಕೂತ. ಮೀಟಿಂಗು ಆಫೀಸು ಬಿಡುವ ಹೊತ್ತಿನವರೆಗೆ ಬೆಳೆಯಿತು. ಸಕ್ಕರೆ ಇಳಿದರೆ ಕೂಗಿ ಎಚ್ಚರಿಸಬೇಕಾದ ಪಂಪಿನ ಬಾಯನ್ನು ಈ ಮಹಾಶಯ ಮೊದಲೇ ಮುಚ್ಚಿಸಿ, ಬರೀ ನಡುಗುವಂತೆ ಮಾಡಿಟ್ಟಿದ್ದ. ಚೀಲದ ಬಿಗಿತದಲ್ಲಿ ಆ ನಡುಕವೂ ತಿಳಿಯಲಿಲ್ಲ. ಹೊರಗೆ ಬಂದಾಗ ಕೈಕಾಲು ಅದುರುತ್ತಿದ್ದವು. ಆಗಲೂ ಯಾರಿಗೂ ಹೇಳದೆ, ನನ್ನನ್ನು ದಿನಾ ಕಾಯುವ ಟ್ರಾಮ್ ಸ್ಟಾಪಿಗೆ ತನ್ನಷ್ಟಕ್ಕೆ ಬಂದು ಕೂತುಬಿಟ್ಟಿದ್ದಾನೆ.

ನಾನು ಮೂಲೆ ತಿರುಗಿದಾಗ ಸ್ಟಾಪಿನಲ್ಲಿ ಮೂವತ್ತು ಜನ ಇದ್ದರು. ಮೂವತ್ತೂ ಜನ ಒಂದು ಕಡೆ, ಬೆಂಚಿನ ಮೇಲೆ ಮಾಮಾ ಒಬ್ಬನೇ ಒಂದು ಕಡೆ. ದಾಸವಾಳದ ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿ, ಸೊಂಟದ ಚೀಲ ಪಟ್ಟಿ ಸಮೇತ ಎದ್ದು ಕಾಣುತ್ತಿತ್ತು. ಮಾಮಾ ಅದರೊಳಗೆ ಕೈ ಹಾಕಿ ತಡಕಾಡುತ್ತಿದ್ದ, ತೆಗೆಯಲು ಆಗುತ್ತಿರಲಿಲ್ಲ. ಒಬ್ಬರೂ ಹತ್ತಿರ ಹೋಗಿರಲಿಲ್ಲ. ಒಬ್ಬರೂ! "ಅವನ ಹತ್ತಿರ ಏನೋ ಇದೆ" ಎಂದು ಯಾರೋ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು.

"ಇಟ್ಸ್ ಎ ಪಂಪ್! ಪಂಪ್!" ಎಂದು ಕಿರುಚುತ್ತ ಓಡಿದೆ. ಜನ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಆ ಹೆಸರಿನ ಬಂದೂಕೂ ಒಂದು ಇದೆಯೆಂದು ನನಗೆ ಆಮೇಲೆ ತಿಳಿಯಿತು. ಅವರ ಮೇಲೆ ನನಗೆ ಬಂದ ಸಿಟ್ಟನ್ನು ಏನು ಹೇಳಲಿ! ಆದರೆ ನೀವೇ ಹೇಳಿ, ಅವರು ಕಂಡದ್ದಾದರೂ ಏನು? ಪಿಸ್ತೂಲಿನ ಚೀಲಕ್ಕೆ ಕೈ ಹಾಕಿದ ಒಬ್ಬ ಮನುಷ್ಯನನ್ನು. ಅಷ್ಟು ಕಷ್ಟಪಟ್ಟು ಬಚ್ಚಿಟ್ಟ ಕಾಯಿಲೆ ಮಾತ್ರ ಬಚ್ಚಿಟ್ಟೇ ಉಳಿದಿತ್ತು.

ಜ್ಯೂಸಿನ ಡಬ್ಬಿಗೆ ಸ್ಟ್ರಾ ಚುಚ್ಚಿ ತುಟಿಗೆ ಹಿಡಿದೆ. ಮಾಮಾ ಮುಖ ತಿರುಗಿಸಿದ. ಕಣ್ಣು ಎಲ್ಲೋ ಇತ್ತು.

"ಪಾಪ ಅನ್ಬ್ಯಾಡ."

"ಅನ್ನೂದಿಲ್ಲ, ಕುಡಿ."

"ನೀನೂ ಪಾಪ ಅನ್ಬ್ಯಾಡ..."

"ಮಾಮಾ, ನೀವು ಬಾಯಿ ಮುಚ್ಕೊಂಡು ಇದನ್ನ ಕುಡೀರಿ!"

ಬಾಯಿ ಮುಚ್ಚಿಕೊಂಡು ಹೇಗೆ ಕುಡಿಯುವುದು ಎಂದು ಅವನೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕುಡಿದ. ಒಂದು ಡಬ್ಬಿ ಮುಗಿಯಿತು. ಅಷ್ಟರಲ್ಲಿ ಗುಂಪಿನಿಂದ ಒಬ್ಬಾಕೆ ಬಂದು, ತನ್ನ ಮಗನ ಬಿಸ್ಕತ್ತಿನ ಪೊಟ್ಟಣ ನನ್ನ ಕೈಗಿಟ್ಟು, ಪಕ್ಕದಲ್ಲೇ ಕೂತಳು. ಹತ್ತು ಹದಿನೈದು ನಿಮಿಷ ಕಳೆದಿರಬೇಕು. ಮಾಮಾ ಕಣ್ಣು ಪಿಳುಕಿಸಿ ನನ್ನನ್ನು ನೋಡಿದ.

"ನನಗ 'ನೀವು' ಅಂದೆಲ್ಲ?"

ಜೀವ ಬಂತು. ಅವನಿಗಲ್ಲ, ನನಗೆ.

ಜೀವ ಬಂದ ಕೂಡಲೇ ಸಿಟ್ಟೂ ಬಂತು. ಈ ಹಾಳು ಚೀಲವನ್ನು ಇಲ್ಲೇ ಕಸದ ಬುಟ್ಟಿಗೆ ಎಸೆಯುತ್ತೇನೆಂದು ಪಂಪನ್ನು ಅವನ ಕೈಗೆ ಕೊಟ್ಟು, ಚೀಲವನ್ನು ಕಿತ್ತು ಕೊಡವಿದೆ. ಒಳಗಿನಿಂದ ಪ್ಲಾಸ್ಟಿಕ್ ಹೊದಿಕೆಯ ಪುಟ್ಟ ಕಾರ್ಡೊಂದು ಬಿತ್ತು. ಸುತ್ತಲೂ ಲಗ್ನಪತ್ರಿಕೆಯಂಥ ಬಳ್ಳಿಯ ಅಂಚು. ಒಳಗೆ ಅಚ್ಚ ಕನ್ನಡದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಹೀಗಿತ್ತು:

"ತಮ್ಮಲ್ಲಿ ವಿನಂತಿ. ಇದು ಪಿಸ್ತೂಲಲ್ಲ, ಔಷಧದ ಯಂತ್ರ. ನಾನು ಎಚ್ಚರ ತಪ್ಪುವ ಹಾಗಿದ್ದರೆ ಏನಾದರೂ ಸಿಹಿ ಕುಡಿಸಿ, ನನ್ನ ಸೊಸೆಗೆ ಫೋನ್ ಮಾಡಬೇಕು. ಅವಳು ಬೈಯುತ್ತಾಳೆ, ಆದರೆ ತಪ್ಪದೆ ಬರುತ್ತಾಳೆ."

ಕೆಳಗೆ ನನ್ನ ಫೋನ್ ನಂಬರು.

ಮೆಲ್ಬರ್ನಿನ ಟ್ರಾಮ್ ಸ್ಟಾಪಿನಲ್ಲಿ ನಿಂತು ನಾನು ಮೊದಲು ಮಾಡಿದ ಕೆಲಸ ಬೈದದ್ದೇ. "ಇದನ್ನ ಕನ್ನಡದಾಗ ಬರದಿಟ್ರ ಇಲ್ಲೆ ಯಾರು ಓದಬೇಕು? ಯಾರು? ಈ ಮೂವತ್ತು ಮಂದ್ಯಾಗ ಯಾರು ಓದ್ತಾರ ಹೇಳು!"

"ಇಂಗ್ಲಿಷ್ನ್ಯಾಗ ಬರದ್ರ ಆಫೀಸ್ನವ್ರು ಓದ್ತಾರಲ್ಲ" ಎಂದ ಮಾಮಾ, ಬಿಸ್ಕತ್ತು ಕಡಿಯುತ್ತ. "ಮತ್ತ ನೀ ಓದಿದೆಲ್ಲ."

ಮರುದಿನ ಬೆಳಿಗ್ಗೆ ಮಾಮಾ ಬಿಳಿ ಅಂಗಿ ತೊಟ್ಟು, ಇನ್ ಮಾಡಿಕೊಂಡು ಹೊರಬಂದ. ಪಂಪು ಬೆಲ್ಟಿನ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು. ಟ್ರೇನಿನಲ್ಲಿ ಕೂತ ಮೇಲೆ, ರಾತ್ರಿ ನಮ್ಮ ಮನೆಯ ಪ್ರಿಂಟರಿನಲ್ಲಿ ಅಚ್ಚು ಹಾಕಿದ ಹೊಸ ಕಾರ್ಡನ್ನು ಜೇಬಿನಿಂದ ತೆಗೆದ. ಅದೇ ಬಳ್ಳಿಯ ಅಂಚು, ಈ ಸಲ ಇಂಗ್ಲಿಷಿನಲ್ಲಿ. ಬಾಜೂ ಕೂಡುವವನಿಗೆ ಕೊಡುವುದಂತೆ. ಎಲ್ಲ ಸಾಲುಗಳೂ ಇದ್ದವು, ಬೈಯುತ್ತಾಳೆ ಎಂಬುದೂ, ಬರುತ್ತಾಳೆ ಎಂಬುದೂ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಮುಂದೆ ಚಾಚಿದ.

"ಸೊಸಿ, ಪ್ರಿಂಟ್ ಚೊಲೊ ಬಿದ್ದದೇನು ನೋಡು."

ಅಕ್ಷರಗಳು ನನಗೆ ಸರಿಯಾಗಿ ಕಾಣಲಿಲ್ಲ. ಕಣ್ಣು ಒರೆಸಿಕೊಂಡರೆ ಅವನಿಗೆ ಗೊತ್ತಾಗುತ್ತದೆ.

"ಚೊಲೊ ಬಿದ್ದದ ಮಾಮಾ" ಎಂದೆ. "ಭಾಳ ಚೊಲೊ ಬಿದ್ದದ."